ಅವನು ಮಗನಲ್ಲದಿದ್ದರೆ?

‘ಆ ಕರಾಳ ರಾತ್ರಿ’ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ದುರಾಸೆ ಎಂಥವರನ್ನೂ ಕೆಡಿಸುತ್ತದೆ. ನನ್ನ ತಕರಾರಿರುವುದು ಈ ಹೊಗಳಿಕೆಯ ಮೇಲೆಯೇ.

ಮೋಹನ್ ಹಬ್ಬು ಅವರ ನಾಟಕ ಆಧರಿಸಿ ದಯಾಳ್ ಪದ್ಮನಾಭನ್ 2018ರಲ್ಲಿ ತೆಗೆದ ಚಿತ್ರವಿದು. ಒಂದು ಬಡ ಮನೆ. ರಾತ್ರಿ ತಂಗಲು ಬಂದ ಅಪರಿಚಿತ. ಅವನ ಪೆಟ್ಟಿಗೆಯಲ್ಲಿ ದುಡ್ಡು. ಮನೆಯವರು ಅವನನ್ನು ಕೊಲ್ಲುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಎಂದೋ ಮನೆ ಬಿಟ್ಟುಹೋದ ಮಗನೇ ಅವನು. ನಮ್ಮ ಮೈಸೂರಿನ ರಂಗಾಯಣದಲ್ಲಿ ಪಳಗಿದ ರಘು ಅವರ ನಟನೆಯ ಬಗ್ಗೆ ಎರಡು ಮಾತಿಲ್ಲ. ಕತೆ ಮಾತ್ರ ಹಳೆಯದು. ರೂಪರ್ಟ್ ಬ್ರೂಕ್ ‘ಲಿಥುವೇನಿಯಾ’ ಎಂದು ಬರೆದದ್ದೂ ಇದನ್ನೇ. 1944ರ ತನ್ನ ನಾಟಕದಲ್ಲಿ ಆಲ್ಬರ್ಟ್ ಕಮೂ ಹೇಳಿದ್ದೂ ಇದನ್ನೇ.

ಅಶೋಕಪುರಂನ ನಮ್ಮ ಮನೆಯಲ್ಲಿ ಅಜ್ಜಿಯ ಜೊತೆ ಕೂತು ಈ ಚಿತ್ರ ನೋಡಿದೆ. ಮುಗಿದಾಗ ಅಜ್ಜಿ ಕಣ್ಣೊರೆಸಿಕೊಂಡು, “ಮಗ ಅಂತ ಗೊತ್ತಾಗಿದ್ರೆ ಉಳಿಸ್ಕತಿದ್ರು ಕಣ್ಲಾ” ಎಂದಳು.

“ಮಗ ಅಲ್ದೆ ಇದ್ದಿದ್ರೆ?”

“ಆಗ ಯಾರ್ ಕೇಳ್ತಿದ್ರು ಬುಡು.”

ನನ್ನ ಜಗಳ ಇಷ್ಟೇ. ಸತ್ತವನು ಯಾರದೋ ಮಗನಾಗಿದ್ದರೆ ಆ ಮನೆಯವರು ದುಡ್ಡು ಎಣಿಸಿಕೊಂಡು ಮಲಗುತ್ತಿದ್ದರು, ನಾವು ಬೆಚ್ಚುತ್ತಿರಲಿಲ್ಲ. ಚಿತ್ರ ನಮ್ಮನ್ನು ಅಳಿಸುವುದು ಕೊಲೆಗಲ್ಲ, ರಕ್ತಸಂಬಂಧಕ್ಕೆ. ಆ ತಿರುವು ನಮ್ಮನ್ನು ಎಚ್ಚರಿಸುತ್ತದೆ ಎನ್ನುವವರಿದ್ದಾರೆ. ಎಚ್ಚರಿಸುತ್ತದೆ, ನಿಜ, ಆದರೆ ನಮ್ಮವರ ಬಗ್ಗೆ ಮಾತ್ರ.

ನಮ್ಮವರಲ್ಲದವರ ಸಾವಿಗೆ ಈ ನಾಡು ಎಷ್ಟು ಅಳುತ್ತದೆ ಎಂಬುದು ನಮ್ಮ ಕೇರಿಗೆ ಗೊತ್ತು. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಕೊನೆಯಲ್ಲಿ ಯಾವ ತಿರುವೂ ಬರಲಿಲ್ಲ. ಸತ್ತವರು ತಮ್ಮ ಮಕ್ಕಳೆಂದು ಯಾರೂ ಎದೆ ಬಡಿದುಕೊಳ್ಳಲಿಲ್ಲ.

ಇದು ಸಿನಿಮಾದ ಕೈಲಾಗದ ಕೆಲಸವೇನಲ್ಲ. ಶಂಕರ್‌ನಾಗ್ 1985ರಲ್ಲೇ ‘ಆಕ್ಸಿಡೆಂಟ್’ ಮಾಡಿದ್ದರು. ಕಾರಿಗೆ ಸಿಕ್ಕಿ ಸತ್ತವರು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳು. ಅವರು ಯಾರ ಮಕ್ಕಳೆಂದು ನಮಗೆ ತಿಳಿಯುವ ಅಗತ್ಯವೇ ಬೀಳಲಿಲ್ಲ. ಆದರೂ ಹೊಟ್ಟೆ ಉರಿಯಿತು. ಅಲ್ಲಿ ದುರಾಸೆಯ ವಿಳಾಸವೂ ಬಡವರ ಮನೆಯಾಗಿರಲಿಲ್ಲ, ಅಧಿಕಾರದ ಬಂಗಲೆಯಾಗಿತ್ತು.

ಬಾಗಿಲು ತಟ್ಟಿದವನು ಕೊನೆಯವರೆಗೂ ಅಪರಿಚಿತನಾಗಿಯೇ ಉಳಿಯುವ ಚಿತ್ರವನ್ನು ಯಾರಾದರೂ ತೆಗೆಯಲಿ. ಅಜ್ಜಿಯನ್ನು ಕರೆದುಕೊಂಡು ಹೋಗುತ್ತೇನೆ.