18 ಕೋಟಿಯ ಚಿಕಿತ್ಸೆ, ನಮ್ಮ ಪೋಡಿನ ಮಕ್ಕಳು

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಹೊರಗೆ ತಂತು. ಕಮಲಾ ಒಂದು, ಪೂಸಾ ಡಿಎಸ್‌ಟಿ 1 ಇನ್ನೊಂದು. ತಿದ್ದೋಕೆ ಬಳಸಿದ ಉಪಾಯದ ಹೆಸರು ಕ್ರಿಸ್ಪರ್, ಜೀನಿಗೆ ಕತ್ತರಿ ಇದ್ದಂಗೆ. ಅದೇ ಕತ್ತರಿ ಈಗ ಮನುಷ್ಯರಿಗೂ ಬಂದಿದೆ.

ನಮ್ಮ ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ರಕ್ತದ ಕೆಂಪು ಕಣ ಕುಡುಗೋಲಿನಂಗೆ ಬಾಗಿ ಸಣ್ಣ ನರದಲ್ಲಿ ಸಿಕ್ಕಿಕೊಳ್ಳುತ್ತೆ, ತಡೆಯಲಾರದ ನೋವು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಗುವಿಗೆ ಇದು ಹುಟ್ಟಿನಿಂದಲೇ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಇದಕ್ಕೆ ಕ್ಯಾಸ್ಜೆವಿ ಅನ್ನೋ ಚಿಕಿತ್ಸೆ ಒಪ್ಪಿದವು. ರೋಗಿಯ ಕಣ ತೆಗೆದು, ತಿದ್ದಿ, ವಾಪಸ್ ಮೈಗೆ ಸೇರಿಸ್ತಾರೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ಅಂದ್ರೆ 18 ಕೋಟಿ ರೂಪಾಯಿಗೂ ಜಾಸ್ತಿ. ಪೋಡಿನವರು ಬಿಡಿ, ನಮ್ಮ ಇಡೀ ಊರಿನ ಜಮೀನು ಮಾರಿದ್ರೂ ಎಷ್ಟು ಮಕ್ಕಳಿಗೆ ಸಾಕಾದೀತು?

ಹೊಸ ವಿಜ್ಞಾನ, ದುಬಾರಿ ಇದ್ದೇ ಇರುತ್ತೆ ಅಂತೀರಾ? ಬಿಟಿ ಹತ್ತಿ ನೆನಪು ಮಾಡ್ಕೊಳ್ಳಿ. 450 ಗ್ರಾಂ ಪ್ಯಾಕೆಟ್ಟಿಗೆ 1,600 ರೂಪಾಯಿ ಮೇಲೆ ಇತ್ತು. 2006ರಲ್ಲಿ ಆಂಧ್ರ ಸರ್ಕಾರ ಪಟ್ಟು ಹಿಡಿದ ಮೇಲೆ 750ಕ್ಕೆ ಇಳೀತು. ಬೀಜ ಅದೇ, ಬೆಲೆ ಅರ್ಧಕ್ಕಿಂತ ಕಮ್ಮಿ. ಕೇಳೋರು ಇದ್ರೆ ಬೆಲೆ ಇಳಿಯುತ್ತೆ. ದೆಹಲಿಯ ಸರ್ಕಾರಿ ಸಂಸ್ಥೆ ಐಜಿಐಬಿ ಈಗ ಇದೇ ಕಾಯಿಲೆಗೆ ಬಿರ್ಸಾ 101 ಅನ್ನೋ ಚಿಕಿತ್ಸೆ ರೂಪಿಸಿದೆ. ಆದಿವಾಸಿ ನಾಯಕ ಬಿರ್ಸಾ ಮುಂಡಾ ಹೆಸರು ಇಟ್ಟಿದ್ದಾರೆ. ಹೆಸರು ಸರಿ, ಅದು ಆದಿವಾಸಿ ಮಗುವಿನ ಕೈಗೆಟುಕಬೇಕು.

ಇನ್ನೊಂದು ವಿಷಯ ಬೇರೆ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದಲ್ಲೇ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂದ. ಮೂರು ವರ್ಷ ಜೈಲಾಯ್ತು. ರೋಗಿಯ ರಕ್ತ ತಿದ್ದಿದ್ರೆ ಅದು ಅವನಿಗೇ ಮುಗೀತು. ಭ್ರೂಣ ತಿದ್ದೋದು ಬಿತ್ತನೆ ಬೀಜವನ್ನೇ ಬದಲಾಯಿಸಿದಂಗೆ, ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತೆ. ಬುದ್ಧಿ, ಎತ್ತರ ಇವೆಲ್ಲ ಇಳುವರಿ ಇದ್ದಂಗೆ, ಒಂದೆರಡು ಜೀನಿನ ಮಾತಲ್ಲ, ನಾಳೆಯೇ ಆಗಲ್ಲ. ಆದ್ರೆ ಆ ದಾರಿ ತೆರೆದ್ರೆ ಮೊದಲು ನಡೆಯೋರು ದುಡ್ಡಿದ್ದೋರೇ. ಆಸ್ತಿಯ ಭೇದ ಸಾಲದು ಅಂತ ಹುಟ್ಟಿನಲ್ಲೇ ಇನ್ನೊಂದು ಭೇದ ಸೇರುತ್ತೆ.

ನನ್ನ ಅಭಿಪ್ರಾಯ ಇಷ್ಟೇ: ಕಾಯಿಲೆ ವಾಸಿಗೆ ಈ ಕತ್ತರಿ ಬೇಕು, ಸರ್ಕಾರಿ ಆಸ್ಪತ್ರೆಯಲ್ಲೇ ಬೇಕು. ಭ್ರೂಣಕ್ಕೆ ಬೇಡ. ಮುಂದಿನ ಗ್ರಾಮಸಭೆಯಲ್ಲಿ ಪೋಡುಗಳ ಸಿಕಲ್ ಸೆಲ್ ತಪಾಸಣೆ ಎಲ್ಲಿಗೆ ಬಂತು ಅಂತ ಕೇಳೋಣ. ಏನಂತೀರಿ?