ಮೂವತ್ತು ತಿಂಗಳ ಅಧ್ಯಕ್ಷರು

ಊರಿಗೆ ಒಳಿತನ್ನು ಮಾಡಿದ ಪೌರಸಭಾಧ್ಯಕ್ಷನೊಬ್ಬನು ತನ್ನ ಅವಧಿಯು ಮುಗಿಯುತ್ತಲೆ ಜನರ ಮುಂದೆ ನಿಂತು, ‘ನಾನು ಮಾಡಿದ್ದು ಇಷ್ಟು, ಉಳಿದದ್ದು ಇಷ್ಟು, ಮನಸ್ಸಿಗೆ ಬಂದರೆ ಮತ್ತೊಮ್ಮೆ ಆರಿಸಿರಿ, ಇಲ್ಲವಾದರೆ ಮನೆಗೆ ಕಳುಹಿಸಿರಿ’ ಎಂದು ಕೇಳುವುದು ಸ್ವಾಯತ್ತಾಡಳಿತದಲ್ಲಿ ಅತ್ಯಂತ ಸಹಜವಾದ ಸಂಗತಿಯಾಗಿರಬೇಕು. ಹೊಸಪೇಟೆಯಲ್ಲಾಗಲಿ, ಕಂಪ್ಲಿ-ಸಂಡೂರುಗಳಲ್ಲಾಗಲಿ, ಮರಿಯಮ್ಮನಹಳ್ಳಿಯಲ್ಲಾಗಲಿ ಇಂಥ ಮಾತನ್ನು ಕೇಳಿದವರು ಯಾರಾದರೂ ಉಂಟೆ? ಯೋಗ್ಯರಾದ ಅಧ್ಯಕ್ಷರು ನಮ್ಮಲ್ಲಿ ಹುಟ್ಟಲಿಲ್ಲವೆಂದು ಯಾರೂ ತಿಳಿಯಬಾರದು. ಅವರು ಹಾಗೆ ಕೇಳುವುದಕ್ಕೆ ಕಾಯಿದೆಯಲ್ಲಿ ಎಡೆಯೇ ಇಲ್ಲ.

ಈ ಕಾಯಿದೆಯ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬೇಕು. ಬಳ್ಳಾರಿ ಸೀಮೆಯ ಪೌರಸಭೆಗಳು ಮೊದಲು ಮದರಾಸಿನ ೧೯೨೦ರ ಕಾಯಿದೆಗೂ, ಧಾರವಾಡ-ಬೆಳಗಾವಿಗಳವು ಮುಂಬಯಿಯ ಕಾಯಿದೆಗಳಿಗೂ ಒಳಪಟ್ಟಿದ್ದವು. ೧೯೫೩ರಲ್ಲಿ ಬಳ್ಳಾರಿಯು ಮೈಸೂರಿಗೆ ಸೇರಿ, ೧೯೫೬ರಲ್ಲಿ ಕನ್ನಡ ನಾಡು ಒಂದಾದ ಮೇಲೆ, ೧೯೬೪ರ ಪೌರಸಭಾ ಕಾಯಿದೆಯು ಈ ತುಂಡುಗಳಿಗೆಲ್ಲ ಒಂದೇ ಕಟ್ಟಳೆಯನ್ನು ಕೊಟ್ಟಿತು. ಏಕೀಕರಣದ ಫಲಗಳಲ್ಲಿ ಇದೂ ಒಂದು. ಇದನ್ನು ನೆನೆಯುವವರು ಮಾತ್ರ ಕಡಿಮೆ. ೧೯೯೩ರಲ್ಲಿ ಸಂವಿಧಾನದ ೭೪ನೆಯ ತಿದ್ದುಪಡಿಯು ಜಾರಿಗೆ ಬಂದು, ಪೌರಸಭೆಗೆ ಐದು ವರ್ಷಗಳ ಆಯುಷ್ಯವನ್ನು ನಿಶ್ಚಯಿಸಿತು. ಅಧ್ಯಕ್ಷನನ್ನು ಆರಿಸುವ ಬಗೆಯನ್ನು ಮಾತ್ರ ಆಯಾ ರಾಜ್ಯಗಳ ವಿವೇಕಕ್ಕೆ ಬಿಟ್ಟಿತು. ನಮ್ಮ ರಾಜ್ಯದ ವಿವೇಕವು ಹೇಗೆ ನಡೆಯಿತೆಂದರೆ, ಜನರು ಸದಸ್ಯರನ್ನು ಆರಿಸುವರು. ಆ ಸದಸ್ಯರು, ಅವರ ಜೊತೆಗೆ ಶಾಸಕರೂ ಲೋಕಸಭಾ ಸದಸ್ಯರೂ ಕೂಡಿ ಅಧ್ಯಕ್ಷನನ್ನು ಆರಿಸುವರು. ಆತನು ಮೂವತ್ತು ತಿಂಗಳು ಪೀಠದಲ್ಲಿರುವನು. ಆಮೇಲೆ ಸರಕಾರವು ಮೀಸಲಾತಿಯ ಹೊಸ ಸರದಿಯನ್ನು ಪ್ರಕಟಿಸುವುದು. ಪೀಠವು ಬೇರೊಂದು ವರ್ಗದ ಪಾಲಿಗೆ ಹೋಗುವುದು. ಮಹಾನಗರ ಪಾಲಿಕೆಗಳ ಮೇಯರರಿಗಂತೂ ೧೯೭೬ರ ಕಾಯಿದೆಯು ಒಂದೇ ವರ್ಷವನ್ನು ಗೊತ್ತುಮಾಡಿತು. ಒಂದು ವರ್ಷದಲ್ಲಿ ಸನ್ಮಾನದ ಹಾರಗಳನ್ನು ಎಣಿಸಬಹುದು, ಮತ್ತೇನನ್ನು ಮಾಡಬಹುದು?

ಮರಿಯಮ್ಮನಹಳ್ಳಿಯನ್ನೇ ತೆಗೆದುಕೊಳ್ಳೋಣ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆಯು ಹಿನ್ನೀರಿನಲ್ಲಿ ಮುಳುಗಿ, ಅಲ್ಲಿಯ ಜನರು ಮನೆಮಾರುಗಳನ್ನು ತೊರೆದು ಬಂದು ನೆಲೆಸಿದ ಊರಿದು. ನಾಟಕದವರ ಊರೆಂದು ನಾಡಿಗೆಲ್ಲ ಹೆಸರಾಗಿದೆ. ಈಗ ಗ್ರಾಮವು ಪಟ್ಟಣ ಪಂಚಾಯಿತಿಯಾಗಿದೆ. ಇಂಥ ಊರಿಗೆ ಬೇಕಾದದ್ದು ಕುಡಿಯುವ ನೀರು, ಚರಂಡಿ, ಬೀದಿ, ಸಂತೆಯ ಕಟ್ಟೆ. ಒಂದು ನೀರಿನ ಯೋಜನೆಯನ್ನು ಕೈಗೆತ್ತಿಕೊಂಡರೆ ಮೊದಲು ಅಳತೆ, ಬಳಿಕ ಅಂದಾಜುಪಟ್ಟಿ, ಬಳಿಕ ಮಂಜೂರಾತಿ, ಬಳಿಕ ಟೆಂಡರು; ಕೊಳವೆಗಳು ನೆಲದೊಳಗೆ ಇಳಿಯುವ ಹೊತ್ತಿಗೆ ಅಧ್ಯಕ್ಷರ ಮೂವತ್ತು ತಿಂಗಳು ತೀರಿರುವುದು. ಬೀಜ ಬಿತ್ತಿದವರು ಒಬ್ಬರು, ರಾಶಿ ಮಾಡುವವರು ಇನ್ನೊಬ್ಬರು. ನೀರು ಬಾರದಿದ್ದರೆ ಯಾರನ್ನು ಕೇಳಬೇಕು? ಹಿಂದಿನವರು ಮುಂದಿನವರನ್ನೂ, ಮುಂದಿನವರು ಹಿಂದಿನವರನ್ನೂ ತೋರಿಸುವರು. ನಡುವೆ ಮುಖ್ಯಾಧಿಕಾರಿಯೊಬ್ಬರು ಸರಕಾರದ ಆಜ್ಞೆಯಂತೆ ಬಂದು, ಸರಕಾರದ ಆಜ್ಞೆಯಂತೆಯೇ ವರ್ಗವಾಗಿ ಹೋಗುವರು.

ಮೀಸಲಾತಿಯನ್ನು ನಾವು ದೂಷಿಸುತ್ತಿಲ್ಲ. ಅದರ ಬಲದಿಂದಲೇ ಹೆಂಗಸರೂ, ದಲಿತರೂ, ಹಿಂದುಳಿದವರೂ ಊರಿನ ಪೀಠವನ್ನು ಏರಿದ್ದಾರೆ. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಅರ್ಧಾವಧಿಯ ಪೆಟ್ಟು ಎಲ್ಲರಿಗಿಂತ ಮೊದಲು ಬೀಳುವುದು ಇವರ ಮೇಲೆಯೇ. ಮೊದಲ ಸಲ ಕಚೇರಿಯ ಮೆಟ್ಟಿಲು ಹತ್ತಿದ ಅಧ್ಯಕ್ಷಿಣಿಯೊಬ್ಬಳು ಕಡತಗಳನ್ನು ಓದುವುದಕ್ಕೆ, ಗುತ್ತಿಗೆದಾರರ ಮರ್ಮವನ್ನು ತಿಳಿಯುವುದಕ್ಕೆ ಒಂದು ವರ್ಷವಾದರೂ ಬೇಕು. ಆಕೆಯು ಕೆಲಸದಲ್ಲಿ ಪಳಗುವಷ್ಟರಲ್ಲಿ ಕಾಯಿದೆಯು ಆಕೆಯನ್ನು ಎಬ್ಬಿಸುತ್ತದೆ. ‘ಇವರಿಗೆ ಆಡಳಿತವು ತಿಳಿಯದು’ ಎಂದು ಮೂದಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉಪಕಾರವು ಬೇರೊಂದಿಲ್ಲ.

ಇಷ್ಟಾದರೂ ಆ ಮೂವತ್ತು ತಿಂಗಳು ಸರಿಯಾಗಿ ಬರುತ್ತವೆಯೆ? ೨೦೧೮ರಲ್ಲಿ ಚುನಾವಣೆ ನಡೆದ ಅನೇಕ ಪೌರಸಭೆಗಳಲ್ಲಿ ಮೀಸಲಾತಿಯ ಪಟ್ಟಿಯು ನ್ಯಾಯಾಲಯದ ಮೆಟ್ಟಿಲೇರಿ, ಅಧ್ಯಕ್ಷರ ಆಯ್ಕೆಯು ೨೦೨೦ರ ಕೊನೆಯ ಭಾಗಕ್ಕೆ ಹೋಯಿತು. ಅವರ ಅವಧಿಯು ೨೦೨೩ರಲ್ಲಿ ಮುಗಿದರೂ ಮುಂದಿನ ಸರದಿಯ ಪಟ್ಟಿಯು ಹೊರಬಿದ್ದದ್ದು ೨೦೨೪ರ ಆಗಸ್ಟಿನಲ್ಲಿ. ಜನರು ಆರಿಸಿದ ಸದಸ್ಯರು ಮನೆಯಲ್ಲಿ ಕುಳಿತಿರಲು, ಆಡಳಿತಾಧಿಕಾರಿಗಳು ಊರನ್ನು ಆಳಿದರು.

ಹೊರಗಿನ ಒಂದು ಉದಾಹರಣೆಯನ್ನು ನೋಡಿರಿ. ಅಮೇರಿಕೆಯ ಬರ್ಲಿಂಗ್ಟನ್ ಎಂಬುದು ಜನಸಂಖ್ಯೆಯಲ್ಲಿ ನಮ್ಮ ಹೊಸಪೇಟೆಯ ಕಾಲುಭಾಗವೂ ಇಲ್ಲದ ಊರು. ಅಲ್ಲಿ ೧೯೮೧ರಲ್ಲಿ ಬರ್ನಿ ಸ್ಯಾಂಡರ್ಸ್ ಎಂಬವರು ಕೇವಲ ಹತ್ತು ಮತಗಳಿಂದ ಮೇಯರರಾದರು. ಸಭೆಯ ಬಹುಮತದವರು ಮೊದಲ ವರ್ಷ ಅವರ ನೇಮಕಗಳನ್ನೇ ತಡೆದರು. ಆದರೂ ೧೯೮೩ರಲ್ಲಿ ಅವರು ತಮ್ಮ ಕೆಲಸವನ್ನು ಮುಂದಿಟ್ಟು ಮತ್ತೆ ಜನರನ್ನು ಕೇಳಿದರು; ಜನರು ಒಪ್ಪಿದರು. ೧೯೮೫ರಲ್ಲಿಯೂ ೧೯೮೭ರಲ್ಲಿಯೂ ಒಪ್ಪಿದರು. ಅಲ್ಲಿಯ ಅವಧಿಯೂ ಎರಡೇ ವರ್ಷವಾಗಿತ್ತು! ಅವಧಿಯು ಚಿಕ್ಕದಾದರೂ ಮರಳಿ ಬರುವ ಬಾಗಿಲು ತೆರೆದಿತ್ತು. ನೆರೆಯ ಚೆನ್ನೈಯಲ್ಲಿಯೂ ಜನರು ನೇರವಾಗಿ ಮೇಯರರನ್ನು ೧೯೯೬ರಲ್ಲಿ ಆರಿಸಿ, ೨೦೦೧ರಲ್ಲಿ ಅವರನ್ನೇ ಮರಳಿ ಆರಿಸಿದ್ದುಂಟು.

ಹಾಗಾದರೆ ನಮ್ಮಲ್ಲಿಯೂ ಜನರೇ ನೇರವಾಗಿ ಅಧ್ಯಕ್ಷನನ್ನು ಆರಿಸಲಿ ಎಂದು ಕೆಲವರು ಹೇಳುವರು. ನಮಗೆ ಅದರಲ್ಲಿ ಅರ್ಧ ಮನಸ್ಸು ಮಾತ್ರ. ಸಭೆಯೊಂದು ಕಡೆ, ಅಧ್ಯಕ್ಷನೊಂದು ಕಡೆ ಎಳೆದಾಡಿದರೆ ಊರಿನ ಬಂಡಿಯು ಹೂಡಿದಲ್ಲಿಯೇ ನಿಲ್ಲುವುದು. ಬರ್ಲಿಂಗ್ಟನ್ನಿನ ಮೊದಲ ವರ್ಷವು ಅದಕ್ಕೆ ಸಾಕ್ಷಿ. ಅದಕ್ಕೂ ಮುಂಚೆ ಆಗಬಹುದಾದ, ಸುಲಭವಾದ ತಿದ್ದುಪಡಿಯೊಂದಿದೆ. ಅಧ್ಯಕ್ಷರ ಅವಧಿಯು ಸಭೆಯ ಅವಧಿಯಷ್ಟೇ, ಎಂದರೆ ಐದು ವರ್ಷ, ಇರಲಿ. ಮೀಸಲಾತಿಯ ಸರದಿಯು ಐದು ವರ್ಷಗಳಿಗೆ ಒಂದಾಗಿ ತಿರುಗಲಿ. ಅದರ ಪಟ್ಟಿಯು ಸದಸ್ಯರ ಚುನಾವಣೆಗೆ ಮುಂಚಿತವಾಗಿಯೇ ಪ್ರಕಟವಾಗಲಿ. ಆಗ ಮತ ಹಾಕುವವನಿಗೆ ತನ್ನ ಊರಿನ ಅಧ್ಯಕ್ಷರು ಯಾರಾಗಬಹುದೆಂಬುದು ತಿಳಿದಿರುವುದು. ಸರದಿಯು ಬೇರೆಯವರಿಗೆ ಹೋದರೂ ಅಧ್ಯಕ್ಷರಾಗಿದ್ದವರು ಸದಸ್ಯರಾಗಿಯಾದರೂ ಐದು ವರ್ಷಗಳ ಲೆಕ್ಕವನ್ನು ಒಪ್ಪಿಸಿ ಮತ ಕೇಳಬಹುದು. ಕೆಟ್ಟ ಅಧ್ಯಕ್ಷನು ಐದು ವರ್ಷ ಕುಳಿತುಬಿಟ್ಟರೆ ಗತಿಯೇನೆಂದು ಅಂಜುವವರಿಗೆ ಅವಿಶ್ವಾಸದ ಗೊತ್ತುವಳಿಯು ಈಗಲೂ ಕಾಯಿದೆಯಲ್ಲಿದೆ.

ಈ ತಿದ್ದುಪಡಿಯನ್ನು ಮಾಡಬೇಕಾದವರು ಶಾಸಕರು. ಅವರ ಸ್ವಂತದ ಅವಧಿಯು ಐದು ವರ್ಷ. ಎಷ್ಟು ಸಲ ಬೇಕಾದರೂ ಅವರು ಮರಳಿ ಮತ ಕೇಳಬಹುದು. ಅದರ ಮೇಲೆ ಪೌರಸಭೆಯಲ್ಲಿಯೂ ಅವರದೊಂದು ಮತವಿದೆ. ತಾವು ಅನುಭವಿಸುವ ಹಕ್ಕನ್ನು ಊರಿನ ಅಧ್ಯಕ್ಷರಿಗೆ ಏಕೆ ಕೊಡಲೊಲ್ಲರೆಂಬುದನ್ನು, ಅವರು ಮುಂದಿನ ಸಲ ಮನೆಬಾಗಿಲಿಗೆ ಬಂದಾಗ, ನಮ್ಮ ಉಪಾಧ್ಯಾಯ ಬಂಧುಗಳೂ ವರ್ತಕರೂ ಕೇಳಿ ಉತ್ತರವನ್ನು ಪಡೆಯಲಿ.