ಏಳು ವರ್ಷಕ್ಕೆ ಬಾಗಿಲು ಮುಚ್ಚಿದ್ದು ಯಾರ ಹಿತಕ್ಕಾಗಿ?

ತಕ್ಕಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸ ಬಂದರೆ ಕಿರಾಣಿ ಅಂಗಡಿಯವನಿಗೆ ದಂಡ. ಮಗ್ಗದಲ್ಲಿ ಬಟ್ಟೆ ಕೆಟ್ಟರೆ ಮಿಲ್ ಕಾರ್ಮಿಕನ ಸಂಬಳಕ್ಕೆ ಕತ್ತರಿ. ದೋಷವಿದೆಯೆಂದು ಗೊತ್ತಿದ್ದೂ ಲಕ್ಷಗಟ್ಟಲೆ ಮೋಟಾರು ಕಾರುಗಳನ್ನು ಮಾರಿದ ಕಂಪೆನಿಗೆ ಏನು ಶಿಕ್ಷೆ? ವಾಚಕರು ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಕಥೆಯನ್ನು ಸಾವಧಾನದಿಂದ ಓದಬೇಕು.

ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸಣ್ಣ ಕಾರುಗಳಲ್ಲಿ ಈ ಕಂಪೆನಿ ಹಾಕಿದ ಇಗ್ನಿಷನ್ ಸ್ವಿಚ್ಚಿಗೆ, ಅಂದರೆ ಕೀಲಿ ತಿರುಗಿಸಿ ಗಾಡಿ ಚಾಲೂ ಮಾಡುವ ಭಾಗಕ್ಕೆ, ಸಾಕಷ್ಟು ಬಿಗಿ ಇರಲಿಲ್ಲ. ಕೀಲಿಗೊಂಚಲಿನ ಭಾರಕ್ಕೋ, ಮೊಣಕಾಲು ತಗುಲಿಯೋ, ರಸ್ತೆಯ ಕುಲುಕಾಟಕ್ಕೋ ಕೀಲಿ ತಾನಾಗಿಯೇ ಹಿಂದಕ್ಕೆ ಜಾರುತ್ತಿತ್ತು. ಜಾರಿದೊಡನೆ ಓಡುವ ಗಾಡಿಯ ಎಂಜಿನು ಆರುವುದು, ಸ್ಟೇರಿಂಗು ಕಲ್ಲಾಗುವುದು, ಬ್ರೇಕಿನ ಬಲ ಕುಗ್ಗುವುದು. ಡಿಕ್ಕಿಯ ಹೊತ್ತಿನಲ್ಲಿ ಉಬ್ಬಿ ಪ್ರಾಣ ಕಾಯಬೇಕಾದ ಏರ್‌ಬ್ಯಾಗು ಸುಮ್ಮನೆ ಮಲಗಿರುವುದು.

ಇದು ಕಂಪೆನಿಗೆ ತಿಳಿಯದ ಗುಟ್ಟಾಗಿತ್ತೇ? 2005ರಲ್ಲೇ ಅದು ತನ್ನ ಡೀಲರುಗಳಿಗೆ ಸುತ್ತೋಲೆ ಕಳಿಸಿ, ಕೀಲಿಗೊಂಚಲಿನಿಂದ ಭಾರದ ವಸ್ತುಗಳನ್ನು ತೆಗೆಯುವಂತೆ ಗಿರಾಕಿಗಳಿಗೆ ಹೇಳಿರೆಂದು ಸೂಚಿಸಿತ್ತು! ದೋಷ ಸ್ವಿಚ್ಚಿನದು, ಉಪದೇಶ ಗಿರಾಕಿಗೆ. ಬಿಗಿಯಾದ ಸ್ವಿಚ್ಚು ಹಾಕಲು ಗಾಡಿಯೊಂದಕ್ಕೆ ತಗಲುತ್ತಿದ್ದುದು ಒಂದು ಡಾಲರಿಗೂ ಕಡಿಮೆ. 2006ರಲ್ಲಿ ಬಿಡಿಭಾಗವನ್ನು ಸದ್ದಿಲ್ಲದೆ ಬದಲಾಯಿಸಿದರು, ಆದರೆ ಅದರ ನಂಬರನ್ನು ಬದಲಾಯಿಸಲಿಲ್ಲ. ಶಾಲೆಯಲ್ಲಿ ಪಾಠ ಹೇಳಿ ಬಂದವರು ನಾವು. ತಪ್ಪು ಲೆಕ್ಕವನ್ನು ತಿದ್ದಿ, ತಿದ್ದಿದ ಗುರುತು ಕಾಣದಂತೆ ಉಜ್ಜಿಡುವ ಹುಡುಗರನ್ನು ಬಲ್ಲೆವು. ಅವರ ಕೈಯಲ್ಲಿ ಯಾರೂ ಸಾಯುವುದಿಲ್ಲ.

2014ರಲ್ಲಿ ಸುಮಾರು 26 ಲಕ್ಷ ಗಾಡಿಗಳನ್ನು ವಾಪಸು ಕರೆದರು. ಪರಿಹಾರ ನಿಧಿಯವರು ಒಪ್ಪಿಕೊಂಡ ಸಾವುಗಳೇ 124. ಅಷ್ಟರೊಳಗೆ ಅಪಘಾತದ ತಪ್ಪು ಚಾಲಕಿಯದೆಂದು ಮೊಕದ್ದಮೆಯಾಗಿ, ಅಪರಾಧಿಯೆಂಬ ಹೆಸರು ಹೊತ್ತು ವರ್ಷಗಟ್ಟಲೆ ಬಾಳಿದ ಹೆಣ್ಣುಮಗಳೂ ಇದ್ದಳು. ನ್ಯಾಯಾಲಯ ಆ ಕಳಂಕವನ್ನು ತೊಡೆದದ್ದು ಸ್ವಿಚ್ಚಿನ ಸಂಗತಿ ಬಯಲಾದ ಮೇಲೆ.

ಕಂಪೆನಿಯೇ ನೇಮಿಸಿದ ವಕೀಲರ ವರದಿ ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ ಹೊರಗೆ ಬಂದು ಏನೂ ಮಾಡದಿರುವುದಕ್ಕೆ ಅಲ್ಲಿ 'ಜಿಎಂ ತಲೆದೂಗು' ಎಂದೇ ಹೆಸರಂತೆ. ಕೈಕಟ್ಟಿ ಎರಡೂ ಬೆರಳುಗಳಿಂದ ಪಕ್ಕದವರನ್ನು ತೋರಿಸುವುದು 'ಜಿಎಂ ಸಲಾಮು'! ಬರೆಹದಲ್ಲಿ 'ದೋಷ' ಎಂಬ ಮಾತನ್ನೇ ಬಳಸಬಾರದೆಂದು 2008ರಲ್ಲಿ ನೌಕರರಿಗೆ ತರಬೇತಿ ಕೊಟ್ಟಿದ್ದರು.

ಈ ನಡುವೆ 2009ರಲ್ಲಿ ಕಂಪೆನಿ ದಿವಾಳಿಯೆದ್ದಾಗ ಕೈಹಿಡಿದವರು ಯಾರು? ಅಮೆರಿಕದ ತೆರಿಗೆದಾರರು, ಸುಮಾರು 5,000 ಕೋಟಿ ಡಾಲರು ಸುರಿದು. ಅದರಲ್ಲಿ 1,000 ಕೋಟಿಗೂ ಹೆಚ್ಚು ಹಿಂದಿರುಗಲಿಲ್ಲ. ಹಣ ಪಡೆದ 'ಹೊಸ' ಕಂಪೆನಿ, ಹಳೆಯ ಕಾರುಗಳ ಹೊಣೆ 'ಹಳೆಯ' ಕಂಪೆನಿಯದೆಂದು ನ್ಯಾಯಾಲಯದಲ್ಲಿ ವಾದಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಗುರಾಣಿಯನ್ನು ಕಿತ್ತುಕೊಂಡಿತು. 2015ರಲ್ಲಿ 90 ಕೋಟಿ ಡಾಲರು ತೆತ್ತು ಮೊಕದ್ದಮೆಯನ್ನು ಮುಂದೂಡಿಸಿಕೊಂಡದ್ದಾಯಿತು. ಜೈಲು ಕಂಡ ಅಧಿಕಾರಿ ಒಬ್ಬನೂ ಇಲ್ಲ.

ದೂರದ ದೇಶದ ಸಂಗತಿ ನಮಗೇಕೆ ಎನ್ನಬೇಡಿ. ಇದೇ ಕಂಪೆನಿಯ ಟವೇರಾ ಗಾಡಿ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲೆಲ್ಲ ಓಡಿದ್ದು. ಹೊಗೆ ಪರೀಕ್ಷೆಗೆ ಆಯ್ದ ಎಂಜಿನುಗಳನ್ನು ಕೂಡಿಸಿ ತೋರಿಸಿದ ಮೋಸ ಹೊರಬಿದ್ದು, 2005ರಿಂದ 2013ರವರೆಗೆ ತಯಾರಾದ 1,14,000 ಟವೇರಾಗಳನ್ನು 2013ರಲ್ಲಿ ವಾಪಸು ಕರೆಯಬೇಕಾಯಿತು. ಆಗ ಗಾಡಿ ವಾಪಸು ಕರೆಯಿರೆಂದು ಆಜ್ಞೆ ಮಾಡುವ ಸ್ಪಷ್ಟ ಕಾನೂನೇ ನಮ್ಮಲ್ಲಿರಲಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 110-ಎ ಕಲಮು ಬಂತು. ಸಂತೋಷ. ಆದರೆ 2021ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಲ್ಲಿ ಒಂದು ಗೂಟ ನೆಟ್ಟರು: ಈ ಕಡ್ಡಾಯ ವಾಪಸಾತಿ ಏಳು ವರ್ಷ ತುಂಬದ ಗಾಡಿಗಳಿಗೆ ಮಾತ್ರ.

ಲೆಕ್ಕ ಹಾಕಿ ನೋಡೋಣ. 2005ರ ಕೋಬಾಲ್ಟಿಗೆ ಕರೆ ಬಂದಾಗ ಒಂಬತ್ತು ವರ್ಷ. 2005ರ ಟವೇರಾಕ್ಕೆ ಎಂಟು. ನಮ್ಮ ಈ ನಿಯಮದಂತೆ ಎರಡೂ ಬಾಗಿಲ ಹೊರಗೆ! ಹತ್ತು ವರ್ಷ ಮುಚ್ಚಿಡಬಲ್ಲ ಕಂಪೆನಿಗೆ ಏಳು ವರ್ಷದ ಗಡುವು ಶಿಕ್ಷೆಯೋ, ಉಡುಗೊರೆಯೋ? ಅಮೆರಿಕದಲ್ಲಿ 2015ರ ಕಾನೂನು ಉಚಿತ ದುರಸ್ತಿಯ ಅವಧಿಯನ್ನು 10ರಿಂದ 15 ವರ್ಷಕ್ಕೆ ಏರಿಸಿತು.

ಏಳು ವರ್ಷದ ಗಾಡಿ ಯಾರ ಕೈಯಲ್ಲಿರುತ್ತದೆ? ಹೊಸದು ಕೊಂಡ ಸಾಹುಕಾರ ಅಷ್ಟರಲ್ಲಿ ಮಾರಿ ಇನ್ನೊಂದು ಕೊಂಡಿರುತ್ತಾನೆ. ಅದು ಕಂತಿನ ಸಾಲದಲ್ಲಿ ಟ್ಯಾಕ್ಸಿ ಓಡಿಸುವವನ ಬಳಿ, ಸಂತೆಗೆ ತರಕಾರಿ ಸಾಗಿಸುವ ವ್ಯಾಪಾರಿಯ ಬಳಿ ಬಂದಿರುತ್ತದೆ. ಕಂಪೆನಿಯ ಕಾಗದ ಮೊದಲ ಕೊಳ್ಳುಗನ ವಿಳಾಸಕ್ಕೆ ಹೋಗಿ ಕಸದ ಬುಟ್ಟಿ ಸೇರುತ್ತದೆ. ಕಾಗದ ಸಿಕ್ಕಿದರೂ, ಬಿಡಿಭಾಗ ಬಂದಿಲ್ಲವೆಂದು ವರ್ಕ್‌ಷಾಪಿನಲ್ಲಿ ಗಾಡಿ ನಿಂತ ದಿನಗಳ ಬಾಡಿಗೆಯನ್ನು ಯಾರು ಕೊಡುತ್ತಾರೆ?

ಏಳು ವರ್ಷದ ಗೂಟ ಕೀಳಬೇಕು. ಈಗಿನ ಮಾಲೀಕನ ಹೆಸರು ಆರ್‌ಟಿಓ ದಾಖಲೆಯಲ್ಲೇ ಇದೆ. ಕಾಗದ ಅವನಿಗೇ ತಲುಪಬೇಕು. ಗಾಡಿ ಎಫ್‌ಸಿಗೆ ಬಂದಾಗ ಬಾಕಿ ಉಳಿದ ವಾಪಸಾತಿಯನ್ನು ಅಲ್ಲೇ ತಿಳಿಸಬೇಕು, ನಿಂತ ದಿನಗಳ ನಷ್ಟವನ್ನು ಕಂಪೆನಿಯೇ ಕಟ್ಟಿಕೊಡಬೇಕು. ಇನ್ನೊಂದು ಮಾತು. ವಾಪಸಾತಿಗೆ ಇಂತಿಷ್ಟು ಮಾಲೀಕರ ದೂರು ಬೇಕೆಂದು ನಿಯಮವಿದೆ. ಮೆಕ್ಯಾನಿಕ್ಕಿನ ಮುಂದೆ ಬೈದದ್ದು ಅದರ ಲೆಕ್ಕಕ್ಕಿಲ್ಲ. ಚಾಸಿಸ್ ನಂಬರು, ತಯಾರಾದ ವರ್ಷ, ಕೆಟ್ಟ ಭಾಗ, ಕೆಟ್ಟ ದಿನ ಇಷ್ಟನ್ನೂ ಬರೆದು ಸಾರಿಗೆ ಇಲಾಖೆಗೆ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ.